ಬ್ರಾಂಡೆಡ್ ಕಂಪ್ಯೂಟರನ್ನೇ ಓವರ್‌ಕ್ಲಾಕ್ ಮಾಡಲೇ, ಹೊಸದನ್ನು ಅಸೆಂಬಲ್ ಮಾಡಿಸಲೇ?

ಪ್ರಶ್ನೆ: ಬಾಗಲಕೋಟೆಯಲ್ಲಿ ಫೋಟೊ ಸ್ಟುಡಿಯೊ ನಡೆಸುತ್ತೇನೆ. ನಾಲ್ಕು ವರ್ಷದ ಹಿಂದೆ ಕೊಂಡ ಬ್ರಾಂಡೆಡ್ ಡೆಸ್ಕ್‌ಟಾಪ್‌ನಲ್ಲಿ ಮದುವೆ ವಿಡಿಯೊ ಎಡಿಟ್ ಮಾಡುತ್ತೇನೆ. ಕೋರ್ ಐ5-10400 ಪ್ರೊಸೆಸರ್, 8 ಜಿಬಿ ರ‍್ಯಾಮ್ ಇದೆ. ಓವರ್‌ಕ್ಲಾಕ್ ಮಾಡಿದರೆ ವೇಗ ಹೆಚ್ಚುತ್ತದೆ ಎಂದು ಗೆಳೆಯರು ಹೇಳುತ್ತಾರೆ. ನಿಜವೇ?

ಉತ್ತರ: ನಿಮ್ಮ ಕಂಪ್ಯೂಟರಿನ ಮಟ್ಟಿಗೆ ಆ ಆಸೆ ಬಿಡಿ. ಪ್ರೊಸೆಸರಿನ ವೇಗವೆಂದರೆ ಒಂದು ಗುಣಾಕಾರ: 100 ಮೆಗಾಹರ್ಟ್ಸ್‌ನ ಮೂಲ ಮಿಡಿತವನ್ನು (ಕ್ಲಾಕ್) 40ರಿಂದ ಗುಣಿಸಿದರೆ 4 ಗಿಗಾಹರ್ಟ್ಸ್. ಆ 40 ಅನ್ನು ನಾವೇ 45 ಮಾಡಿಕೊಳ್ಳುವುದು ಓವರ್‌ಕ್ಲಾಕಿಂಗ್. ಇಂಟೆಲ್‌ನಲ್ಲಿ ಸಾಮಾನ್ಯವಾಗಿ ಹೆಸರಿನ ಅಂಕಿಯ ನಂತರ ‘ಕೆ’ ಅಕ್ಷರವಿರುವ ಪ್ರೊಸೆಸರುಗಳಿಗೆ ಈ ಸ್ವಾತಂತ್ರ್ಯವಿದೆ. ಜೊತೆಗೆ ಮದರ್‌ಬೋರ್ಡ್ ಝಡ್ ಸರಣಿಯದಾಗಿರಬೇಕು. 10400ಕ್ಕೆ ಆ ಬಾಲವಿಲ್ಲ, ಕಚೇರಿ ಕೆಲಸಕ್ಕೆಂದು ಮಾರುವ ಪೆಟ್ಟಿಗೆಗಳ ಬಯಾಸ್‌ನಲ್ಲಿ (ಮದರ್‌ಬೋರ್ಡಿನ ಸೆಟ್ಟಿಂಗ್ ಪುಟಗಳಲ್ಲಿ) ಅಂಥ ಪುಟವೇ ಸಿಗುವುದಿಲ್ಲ. ಗೇಮಿಂಗ್‌ಗೆಂದೇ ಬರುವ ಕೆಲವು ದುಬಾರಿ ಬ್ರಾಂಡೆಡ್ ಮಾದರಿಗಳ ಕಥೆ ಬೇರೆ.

ಗೆಳೆಯರ ಮಾತು ಹುಟ್ಟಿದ್ದು ಹಳೆಯ ಕಾಲದಲ್ಲಿ. 1998ರಲ್ಲಿ ಬಂದ ಸೆಲೆರಾನ್ 300ಎ ಪ್ರೊಸೆಸರಿನ ಗುಣಕಕ್ಕೆ ಬೀಗವಿತ್ತು. ಆದರೂ ಮದರ್‌ಬೋರ್ಡಿನ ಬಸ್ ವೇಗವನ್ನು, ಅಂದರೆ ಆ ಮೂಲ ಮಿಡಿತವನ್ನು, 66ರಿಂದ 100 ಮೆಗಾಹರ್ಟ್ಸ್‌ಗೆ ಏರಿಸಿದರೆ 300ರ ಚಿಪ್ 450ರಲ್ಲಿ ಓಡುತ್ತಿತ್ತು. ಒಂದೂವರೆ ಪಟ್ಟು ವೇಗ, ಪುಕ್ಕಟೆ! ಅಗ್ಗದ ಚಿಪ್ಪಿನ ಮೇಲೆ ದುಬಾರಿ ಚಿಪ್ಪಿನ ಅಂಕಿ ಒತ್ತಿ ಮಾರುವವರೂ ಆಗ ಇದ್ದರು. ಬೀಗ ಬೀಳಲು ಅದೂ ಒಂದು ಕಾರಣ. ಇಂದಿನ ಪ್ರೊಸೆಸರುಗಳು ಟರ್ಬೊ ಎಂಬ ಹೆಸರಿನಲ್ಲಿ ತಾವೇ ಮಿತಿಯ ಹತ್ತಿರಕ್ಕೆ ಓಡುತ್ತವೆ. ನಾವು ಹಿಂಡಿ ತೆಗೆಯಲು ಉಳಿದಿರುವುದು ಸ್ವಲ್ಪವೇ.

ಆ ಸ್ವಲ್ಪಕ್ಕೆ ತೆರಬೇಕಾದದ್ದು ಬಿಸಿ. ವೇಗ ಏರಿಸಿದರೆ ವೋಲ್ಟೇಜನ್ನೂ ಏರಿಸಬೇಕಾಗುತ್ತದೆ. ವಿದ್ಯುತ್ ಬಳಕೆ ವೇಗದ ಜೊತೆಗೆ, ವೋಲ್ಟೇಜಿನ ವರ್ಗದ ಜೊತೆಗೆ ಬೆಳೆಯುತ್ತದೆ. ಎರಡನ್ನೂ ಶೇ 10ರಷ್ಟು ಏರಿಸಿದರೆ ಬಿಸಿ ಸುಮಾರು ಶೇ 33ರಷ್ಟು ಹೆಚ್ಚುತ್ತದೆ. ಇನ್ನು ಫ್ಯಾನ್ ಮಾಡುವುದು ಆ ಬಿಸಿಯನ್ನು ಕೋಣೆಯ ಗಾಳಿಗೆ ದಾಟಿಸುವ ಕೆಲಸ ಅಷ್ಟೇ, ಗಾಳಿಯನ್ನು ಅದು ತಂಪು ಮಾಡುವುದಿಲ್ಲ. ಪ್ರೊಸೆಸರ್ ಕೋಣೆಗಿಂತ 55 ಡಿಗ್ರಿ ಹೆಚ್ಚು ಕಾಯುತ್ತದೆ ಎಂದುಕೊಳ್ಳಿ. ಡಿಸೆಂಬರ್‌ನಲ್ಲಿ ಬೆಳಗಾವಿಯ 22 ಡಿಗ್ರಿ ಕೋಣೆಯಲ್ಲಿ ಅದು 77ರಲ್ಲಿ ನಿಲ್ಲುತ್ತದೆ. ಅದನ್ನೇ ಏಪ್ರಿಲ್‌ನಲ್ಲಿ ವಿಜಯಪುರಕ್ಕೆ ತಂದು 40 ಡಿಗ್ರಿ ಕೋಣೆಯಲ್ಲಿ ಇಟ್ಟರೆ 95. ನಿಮ್ಮ ಪ್ರೊಸೆಸರಿನ ಮಿತಿ 100. ಅಲ್ಲಿಗೆ ಮುಟ್ಟಿದೊಡನೆ ಅದು ತಾನಾಗಿಯೇ ವೇಗ ಇಳಿಸಿಕೊಳ್ಳುತ್ತದೆ.

ಇದು ನನಗೂ ಪೆಟ್ಟು ತಿಂದ ಮೇಲೆಯೇ ತಿಳಿದದ್ದು. ಸಂಕ್ರಾಂತಿಯ ಹೊತ್ತಿಗೆ ಓವರ್‌ಕ್ಲಾಕ್ ಮಾಡಿ ಬೀಗಿದ್ದ ನನ್ನ ಅಸೆಂಬಲ್ಡ್ ಕಂಪ್ಯೂಟರ್ ಯುಗಾದಿ ಕಳೆದ ವಾರವೇ ಕೆಲಸದ ನಡುವೆ ಆರಿಹೋಯಿತು. ಕ್ಯಾಬಿನೆಟ್ ತೆರೆದರೆ ಫ್ಯಾನಿನ ರೆಕ್ಕೆಗಳ ಮೇಲೆ ಎರೆಮಣ್ಣಿನ ಧೂಳು ಕಂಬಳಿ ಹೊದ್ದಂತೆ ಕುಳಿತಿತ್ತು.

ಬ್ರಾಂಡೆಡ್ ಪೆಟ್ಟಿಗೆಯಲ್ಲಂತೂ ಇಂಥ ಹೆಚ್ಚುವರಿ ಭಾರಕ್ಕೆ ಜಾಗವೇ ಇರುವುದಿಲ್ಲ. ಕಂಪನಿ ಲೆಕ್ಕ ಹಾಕಿ ಕೊಟ್ಟ, ಬಿಸಿ ಹೀರುವ ಪುಟ್ಟ ಹೀಟ್‌ಸಿಂಕ್, ಎಷ್ಟೋ ಮಾದರಿಗಳಲ್ಲಿ 200-300 ವ್ಯಾಟ್‌ನ ಎಸ್‌ಎಂಪಿಎಸ್ (ವಿದ್ಯುತ್ ಪೂರೈಸುವ ಡಬ್ಬಿ). ಬದಲಿಸೋಣವೆಂದರೆ ಮದರ್‌ಬೋರ್ಡಿನ ಅಳತೆ, ಎಸ್‌ಎಂಪಿಎಸ್‌ನ ಪಿನ್ನು ಎರಡೂ ಬಹಳಷ್ಟು ಸಲ ಕಂಪನಿಯದೇ ನಮೂನೆ. ಅಂಗಡಿಯಲ್ಲಿ ಸಿಗುವ ಬಿಡಿಭಾಗ ಕೂರುವುದಿಲ್ಲ. ಟ್ರ್ಯಾಕ್ಟರ್ ಎಂಜಿನ್ನಿಗೆ ಶಕ್ತಿಯಿದೆ ಎಂದು ಕಬ್ಬಿನ ಟ್ರೇಲರ್ ಮೂರನೆಯದನ್ನೂ ಕಟ್ಟಿದರೆ ಬ್ರೇಕು ಕೇಳಬೇಕಲ್ಲ!

ಹಾಗಾದರೆ ಏನು ಮಾಡಬೇಕು? 8 ಜಿಬಿ ಒಂದೇ ಸ್ಟಿಕ್ಕಿನಲ್ಲಿದ್ದರೆ ಮೊದಲು ಅಂಥದೇ ಇನ್ನೊಂದನ್ನು ಹಾಕಿಸಿ. ಮೆಮೊರಿ 16 ಜಿಬಿ ಆಗುವುದಷ್ಟೇ ಅಲ್ಲ, ಎರಡು ಚಾನೆಲ್ ಒಟ್ಟಿಗೆ ತೆರೆದು ರ‍್ಯಾಮ್ ಮತ್ತು ಪ್ರೊಸೆಸರಿನ ನಡುವಿನ ದಾರಿ ಇಮ್ಮಡಿ ಅಗಲವಾಗುತ್ತದೆ. ವಿಡಿಯೊ ಫೈಲುಗಳು ಇನ್ನೂ ಹಾರ್ಡ್‌ಡಿಸ್ಕಿನಲ್ಲಿದ್ದರೆ ಅದಕ್ಕಿಂತ ವೇಗದ ಎಸ್‌ಎಸ್‌ಡಿ ಡ್ರೈವಿಗೆ ಬನ್ನಿ. ಗ್ರಾಫಿಕ್ಸ್ ಕಾರ್ಡ್ ಬೇಕೆನಿಸಿದರೆ ಪ್ರತ್ಯೇಕ ಪವರ್ ಕೇಬಲ್ ಬೇಡದ್ದನ್ನು, ಅಂದರೆ 75 ವ್ಯಾಟ್ ಒಳಗಿನದನ್ನು ಮಾತ್ರ ನೋಡಿ. ಕೊಳ್ಳುವ ಮುನ್ನ ಅದು ಕ್ಯಾಬಿನೆಟ್ಟಿನಲ್ಲಿ ಹಿಡಿಯುತ್ತದೆಯೇ ಎಂದು ಅಳೆಯಿರಿ.

4ಕೆ ವಿಡಿಯೊ ದಿನವೂ ಬರುತ್ತಿದ್ದರೆ ಅಸೆಂಬಲ್ ಮಾಡಿಸುವುದೇ ಸರಿ. ಓವರ್‌ಕ್ಲಾಕಿಂಗ್‌ಗಾಗಿ ಅಲ್ಲ, ಎಸ್‌ಎಂಪಿಎಸ್, ಕೂಲರ್, ಗಾಳಿಯಾಡುವ ಕ್ಯಾಬಿನೆಟ್ ಇವುಗಳನ್ನು ನೀವೇ ಆರಿಸಬಹುದು ಎಂಬುದಕ್ಕಾಗಿ. ಹಣವನ್ನೆಲ್ಲ ಪ್ರೊಸೆಸರಿಗೆ ಸುರಿದು ಎಸ್‌ಎಂಪಿಎಸ್‌ನಲ್ಲಿ ಉಳಿಸುವುದು ನಮ್ಮ ಕಡೆಯ ಹಳೆಯ ಚಟ. ಎಎಂಡಿ ಕಂಪನಿಯ ರೈಜನ್ ಪ್ರೊಸೆಸರ್ ತೆಗೆದುಕೊಂಡರೆ ಕಡಿಮೆ ವಿದ್ಯುತ್ತಿನಲ್ಲಿ ಓಡಿಸುವ ಇಕೊ ಮೋಡ್ ಇರುತ್ತದೆ, ಬೇಸಿಗೆಯಲ್ಲಿ ನಾನು ಅದನ್ನೇ ಹಾಕಿಡುತ್ತೇನೆ. ವೇಗ ಸ್ವಲ್ಪ ಇಳಿಯುತ್ತದೆ, ಬಿಸಿ ಬಹಳ ಇಳಿಯುತ್ತದೆ. ಒಂದು ತೊಂದರೆಯಂತೂ ಇದೆ: ಬ್ರಾಂಡೆಡ್ ಆದರೆ ವಾರಂಟಿ ಮುಗಿಯುವವರೆಗೆ ಒಂದೇ ಕಂಪನಿಗೆ ಫೋನ್ ಮಾಡಿದರಾಯಿತು, ಅಸೆಂಬಲ್ಡ್‌ನಲ್ಲಿ ಭಾಗಕ್ಕೊಂದು ವಾರಂಟಿ. ಪ್ರತಿ ಭಾಗದ ಸೀರಿಯಲ್ ನಂಬರನ್ನೂ ಬಿಲ್ಲಿನಲ್ಲಿ ಬರೆಸಿ, ಡಬ್ಬಿಗಳನ್ನು ಎಸೆಯಬೇಡಿ.

ಹಳೆಯದನ್ನು ಮಾರಲೂ ಬೇಡಿ. ಇನ್ನೊಂದು ರ‍್ಯಾಮ್ ಹಾಕಿದರೆ ಆಲ್ಬಂ ಡಿಸೈನಿಗೆ ಅದು ಧಾರಾಳವಾಯಿತು.