27ರಿಂದ 28ಕ್ಕೆ: ಮಾರ್ಪಡಿಸಿದ ಹಳೆಯ ಸಿಬಿ ಸೆಟ್ಟುಗಳ ಹಿಂದಿನ ಕಥೆ

ಬೆಂಗಳೂರಿನ ಎಸ್‌.ಪಿ. ರಸ್ತೆಯ ಹಳೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ, ಪರವಾನಗಿ ಪಡೆದ ರೇಡಿಯೊ ಹವ್ಯಾಸಿಗಳಾದ ಹ್ಯಾಮ್‌ಗಳು ತಮ್ಮತಮ್ಮಲ್ಲೇ ನಡೆಸುವ ಕೊಡುಕೊಳ್ಳುವಿಕೆಯಲ್ಲಿ, ಹೊರದೇಶದಲ್ಲಿದ್ದು ಮರಳಿದವರ ಅಟ್ಟದ ಮೇಲಿನ ಪೆಟ್ಟಿಗೆಗಳಲ್ಲಿ ಆಗೊಮ್ಮೆ ಈಗೊಮ್ಮೆ ಸಿಬಿ ಎಂಬ ಒಂದು ಬಗೆಯ ರೇಡಿಯೊ ಸೆಟ್ಟು ಕಾಣಸಿಗುತ್ತದೆ. ಕಾರಿನ ಡ್ಯಾಶ್‌ಬೋರ್ಡಿನಡಿ ಕೂರಿಸಲೆಂದು ಮಾಡಿದ ಚಪ್ಪಟೆ ಡಬ್ಬಿ, ಸುರುಳಿ ವೈರಿನ ಮೈಕು, 1ರಿಂದ 40ರವರೆಗೆ ತಿರುಗುವ ಚಾನೆಲ್ ನಾಬು, ಮೇಲೆ ‘ಹ್ಯಾಮ್‌ಗೆ ಮಾಡಿಫೈ ಮಾಡಿದೆ’ ಎಂಬ ಚೀಟಿ. ಹೊಸ ಎಚ್‌ಎಫ್ (ಶಾರ್ಟ್‌ವೇವ್) ಟ್ರಾನ್ಸೀವರ್ ಕೊಳ್ಳುವ ಶಕ್ತಿಯಿಲ್ಲದ, ಈಗಷ್ಟೇ ಪರವಾನಗಿ ಪಡೆದ ವಿದ್ಯಾರ್ಥಿಗೆ ಇದರ ಬೆಲೆ ಕೈಗೆಟುಕುವಂತೆ ಕಾಣುವುದು ಸಹಜ. ಆದರೆ ಚೀಟಿಯ ಮೇಲಿನ ಆ ಮಾತಿಗೆ ನಿಖರವಾದ ಅರ್ಥವಿಲ್ಲ. ಸೆಟ್ಟನ್ನು ಎಲ್ಲಿಂದ ಎಲ್ಲಿಗೆ ಸರಿಸಲಾಗಿದೆ, ಸರಿಸಿದವರ ಉದ್ದೇಶವೇನಿತ್ತು, ಈಗ ಅದನ್ನು ಮನೆಯಲ್ಲಿ ಇಟ್ಟುಕೊಳ್ಳುವುದು ಕಾನೂನಿಗೆ ಒಪ್ಪಿತವೇ ಎಂಬ ಮೂರು ಪ್ರಶ್ನೆಗಳನ್ನು ಬಿಡಿಸಲು ಅರವತ್ತೈದು ವರ್ಷಕ್ಕೂ ಹಿಂದಕ್ಕೆ ಹೋಗಬೇಕಾಗುತ್ತದೆ.

ಅಮೆರಿಕದ ಸಂವಹನ ನಿಯಂತ್ರಣ ಸಂಸ್ಥೆಯಾದ ಎಫ್‌ಸಿಸಿ, ಅಲ್ಲಿನ ಹ್ಯಾಮ್‌ಗಳು ಬಳಸುತ್ತಿದ್ದ 11 ಮೀಟರ್ ಬ್ಯಾಂಡನ್ನು 1958ರಲ್ಲಿ ಹಿಂದಕ್ಕೆ ಪಡೆದು, 27 ಮೆಗಾಹರ್ಟ್ಸ್ ಆಸುಪಾಸಿನ 23 ಚಾನೆಲ್‌ಗಳನ್ನು ಜನಸಾಮಾನ್ಯರು ಪರೀಕ್ಷೆಯಿಲ್ಲದೆ ಬಳಸಬಹುದಾದ ಸಿಟಿಜನ್ಸ್ ಬ್ಯಾಂಡ್ (ಸಿಬಿ) ಆಗಿಸಿತು. 1973ರ ತೈಲ ಬಿಕ್ಕಟ್ಟು, ಗಂಟೆಗೆ 55 ಮೈಲಿಯ ವೇಗಮಿತಿ, ಯಾವ ಬಂಕಿನಲ್ಲಿ ಡೀಸೆಲ್ ಇದೆಯೆಂದು ಒಬ್ಬರಿಗೊಬ್ಬರು ತಿಳಿಸಿಕೊಳ್ಳುತ್ತಿದ್ದ ಲಾರಿ ಚಾಲಕರು ಇವೆಲ್ಲ ಸೇರಿ ಸಿಬಿಯನ್ನು ಅಲ್ಲಿ ಮನೆಮಾತಾಗಿಸಿದವು. 1977ರ ಜನವರಿ 1ರಿಂದ ಚಾನೆಲ್‌ಗಳು 40 ಆದವು; ವ್ಯಾಪ್ತಿ 26.965ರಿಂದ 27.405 ಮೆಗಾಹರ್ಟ್ಸ್‌ಗೆ ಬೆಳೆಯಿತು. 1983ರಲ್ಲಿ ವೈಯಕ್ತಿಕ ಪರವಾನಗಿಯ ಅಗತ್ಯವೂ ಇಲ್ಲವಾಯಿತು.

ಮಾರ್ಪಾಡಿನ ಕಥೆಗೆ ನಿಜವಾದ ಚಾಲನೆ ಸಿಕ್ಕಿದ್ದು 1977ರಲ್ಲಿ. 40 ಚಾನೆಲ್ ಬರುತ್ತಿದ್ದಂತೆ ಅಂಗಡಿಗಳಲ್ಲಿ ಉಳಿದಿದ್ದ 23 ಚಾನೆಲ್ ಸೆಟ್ಟುಗಳನ್ನು ಕೇಳುವವರಿಲ್ಲದೆ ಅವುಗಳ ಬೆಲೆ ಕುಸಿಯಿತು. ಹ್ಯಾಮ್‌ಗಳ 10 ಮೀಟರ್ ಬ್ಯಾಂಡ್ ಇರುವುದು 28.000ರಿಂದ 29.700 ಮೆಗಾಹರ್ಟ್ಸ್‌ವರೆಗೆ, ಸಿಬಿಯ ಕೊನೆಯ ಚಾನೆಲ್ಲಿಗೂ ಅದರ ಮೊದಲ ಅಂಚಿಗೂ ನಡುವಿನ ದೂರ ಒಂದು ಮೆಗಾಹರ್ಟ್ಸ್ ಕೂಡ ಇಲ್ಲ. ಆವರ್ತನವನ್ನು ನಿರ್ಧರಿಸುವ ಕ್ರಿಸ್ಟಲ್ ಬದಲಿಸಿ, ಕಾಯಿಲುಗಳ ಫೆರೈಟ್ ಕೋರನ್ನು ಪ್ಲಾಸ್ಟಿಕ್ ಸ್ಕ್ರೂಡ್ರೈವರಿನಿಂದ ಸ್ವಲ್ಪ ಸ್ವಲ್ಪವೇ ತಿರುಗಿಸಿ ಹೊಸ ಆವರ್ತನಕ್ಕೆ ಹೊಂದಿಸಿದರೆ, ಬೇಡವಾದ ಸಿಬಿ ಸೆಟ್ಟೇ ಅಗ್ಗದ ಹ್ಯಾಮ್ ಸೆಟ್ಟಾಗುತ್ತಿತ್ತು. 1979-80ರ ಸುಮಾರಿಗೆ ಸೂರ್ಯನ ಕಲೆಗಳು ಉತ್ತುಂಗಕ್ಕೇರಿದ್ದುದರಿಂದ 10 ಮೀಟರಿನಲ್ಲಿ ನಾಲ್ಕೈದು ವ್ಯಾಟಿನ ಸದ್ದೂ ಸಾಗರ ದಾಟಬಲ್ಲದಾಗಿತ್ತು. ಅಗ್ಗದ ಸೆಟ್ಟು, ತೆರೆದ ಆಕಾಶ, ಬಿಡುವಿರುವ ಹವ್ಯಾಸಿ ಇವು ಮೂರೂ ಒಟ್ಟಿಗೆ ಸೇರುವುದು ಅಪರೂಪ.

ಆ ಸೆಟ್ಟುಗಳ ಒಳಗನ್ನು ಸ್ವಲ್ಪ ನೋಡದೆ ಇಂದಿನ ಗೋಜಲು ಅರ್ಥವಾಗುವುದಿಲ್ಲ. 23 ಚಾನೆಲ್ ಸೆಟ್ಟುಗಳಲ್ಲಿ ಹತ್ತಾರು ಕ್ರಿಸ್ಟಲ್‌ಗಳ ಆವರ್ತನಗಳನ್ನು ಬೆರೆಸಿ ಚಾನೆಲ್‌ಗಳನ್ನು ಹುಟ್ಟಿಸುತ್ತಿದ್ದರು. 40 ಚಾನೆಲ್ ಸೆಟ್ಟುಗಳ ಕಾಲಕ್ಕೆ ಆ ಕೆಲಸವನ್ನು ಒಂದು ಸ್ಥಿರ ಆವರ್ತನದ ಆಧಾರದಲ್ಲಿ ಬೇಕಾದ ಆವರ್ತನಗಳನ್ನು ಹುಟ್ಟಿಸುವ ಪಿಎಲ್‌ಎಲ್ ಚಿಪ್ಪು ವಹಿಸಿಕೊಂಡಿತು: 10.240 ಮೆಗಾಹರ್ಟ್ಸ್ ಕ್ರಿಸ್ಟಲ್ಲನ್ನು 1024ರಿಂದ ಭಾಗಿಸಿದರೆ ಕರಾರುವಾಕ್ಕಾಗಿ 10 ಕಿಲೋಹರ್ಟ್ಸ್ ಬರುತ್ತದೆ, ಒಂದು ಚಾನೆಲ್ಲಿನಿಂದ ಮುಂದಿನದಕ್ಕಿರುವ ಹೆಜ್ಜೆ ಅದೇ. ಪಿಎಲ್‌ಎಲ್‌02ಎಯಂತಹ ಆರಂಭದ ಚಿಪ್ಪುಗಳಿಗೆ ಚಾನೆಲ್ಲಿನ ಸಂಖ್ಯೆಯನ್ನು ಕಾಲುಗಳ ಮೂಲಕ ದ್ವಿಮಾನ ರೂಪದಲ್ಲಿ ಕೊಡಬೇಕಾಗಿತ್ತು. ಒಂದು ಕಾಲಿನ ವೋಲ್ಟೇಜು ಬದಲಿಸಿದರೆ ಕಾರ್ಖಾನೆ ಊಹಿಸದ ಆವರ್ತನಕ್ಕೂ ಸೆಟ್ಟು ಸಲೀಸಾಗಿ ಹೋಗುತ್ತಿತ್ತು. ನಂತರದ ಕೆಲವು ಚಿಪ್ಪುಗಳಲ್ಲಿ 40 ಚಾನೆಲ್‌ಗಳ ಪಟ್ಟಿಯನ್ನು ಒಳಗೇ ಅಚ್ಚೊತ್ತಿ ಆ ಬಾಗಿಲನ್ನು ಮುಚ್ಚಲಾಯಿತು. ಹವ್ಯಾಸಿಗಳು ಆಗ ಕ್ರಿಸ್ಟಲ್ ಬದಲಿಸಿ ಇಡೀ ಪಟ್ಟಿಯನ್ನೇ ಒಟ್ಟಾಗಿ ಮೇಲಕ್ಕೆ ತಳ್ಳಿದರು. ಹಳೆಯ ಸೆಟ್ಟಿನ ಹಿಂಬದಿಯಲ್ಲಿ ಹೆಸರಿಲ್ಲದ ಟಾಗಲ್ ಸ್ವಿಚ್ಚೊಂದು ಕಂಡರೆ, ಅದು ಸಾಮಾನ್ಯವಾಗಿ ಈ ಎರಡರಲ್ಲೊಂದು ಚಿಕಿತ್ಸೆಯ ಗುರುತು.

ಇನ್ನೊಂದು ಮಾರ್ಪಾಡು ಕ್ಲಾರಿಫೈಯರ್ ಎಂಬ ನಾಬಿನದು. ಸಿಬಿಯಲ್ಲಿ ಅದು ಕೇಳುವ ಆವರ್ತನವನ್ನು ಮಾತ್ರ ಕೊಂಚ ಅತ್ತಿತ್ತ ಸರಿಸುತ್ತದೆ. ಆದರೆ 10 ಮೀಟರಿನಲ್ಲಿ ಎಸ್‌ಎಸ್‌ಬಿ (ಕಡಿಮೆ ಅಗಲದಲ್ಲಿ ಧ್ವನಿ ಕಳಿಸುವ ವಿಧಾನ) ಬಳಸಿ ಮಾತನಾಡುವವರು 10 ಕಿಲೋಹರ್ಟ್ಸ್ ಮೆಟ್ಟಿಲುಗಳ ಮೇಲೆ ಸಾಲಾಗಿ ನಿಂತಿರುವುದಿಲ್ಲವಾದ್ದರಿಂದ, ಪ್ರಸಾರವೂ ಅದರ ಜತೆಗೇ ಸರಿಯುವಂತೆ ವೈರಿಂಗ್ ಬದಲಿಸುವುದು ಹ್ಯಾಮ್ ಬಳಕೆಗೆ ಅಗತ್ಯ. ಇದು ಒಪ್ಪತಕ್ಕ ಮಾರ್ಪಾಡು. ಒಪ್ಪಲಾಗದ್ದೂ ಇದೆ. ಧ್ವನಿಯ ಏರಿಳಿತವನ್ನು ಮಿತಿಯಲ್ಲಿಡುವ ಟ್ರಾನ್ಸಿಸ್ಟರನ್ನು ಕತ್ತರಿಸಿ ತೆಗೆದು ಸೆಟ್ಟು ‘ಜೋರಾಯಿತು’ ಎನ್ನುವುದು ಆ ಕಾಲದಿಂದಲೂ ನಡೆದುಬಂದಿದೆ. ಹಾಗೆ ಜೋರಾದ ಸೆಟ್ಟಿನ ಸದ್ದು ಅಕ್ಕಪಕ್ಕದ ಆವರ್ತನಗಳಿಗೆಲ್ಲ ಚೆಲ್ಲುತ್ತದೆ, ದೂರದವರಿಗೆ ಮಾತು ಸ್ಪಷ್ಟವಾಗುವ ಬದಲು ಒಡೆದು ಕೇಳಿಸುತ್ತದೆ. ಇಂದು ಮಾರಾಟಕ್ಕೆ ಬರುವ ಸೆಟ್ಟುಗಳಲ್ಲಿ ಈ ಎರಡೂ ಕೆಲಸಗಳು ಒಂದೇ ‘ಮಾಡಿಫೈ’ ಎಂಬ ಪದದಡಿ ಅಡಗಿ ಕುಳಿತಿರುತ್ತವೆ.

ಅಷ್ಟರಲ್ಲಿ ಸಂಚಾರ ಇಮ್ಮುಖವಾಗಿತ್ತು. ಹ್ಯಾಮ್‌ಗಳು ಸಿಬಿ ಸೆಟ್ಟನ್ನು ಮೇಲಕ್ಕೆ ತಳ್ಳಿದರೆ, ಸಿಬಿಯವರು ಹೆಚ್ಚು ಶಕ್ತಿ, ಹೆಚ್ಚು ಚಾನೆಲ್ ಬೇಕೆಂದು ಹ್ಯಾಮ್ ಸೆಟ್ಟನ್ನು ಕೆಳಕ್ಕೆ ಎಳೆದರು. ಅಮೆರಿಕದಲ್ಲಿ ಸಿಬಿಗೆ ಇರುವ ಮಿತಿ ಎಎಂನಲ್ಲಿ 4 ವ್ಯಾಟ್, ಎಸ್‌ಎಸ್‌ಬಿಯಲ್ಲಿ 12 ವ್ಯಾಟ್. 1980ರ ದಶಕದ ಕೊನೆಯ ಹೊತ್ತಿಗೆ ‘10 ಮೀಟರ್ ಸೆಟ್ಟು’ ಎಂಬ ಹೆಸರಿನಲ್ಲೇ ಮಾರಾಟವಾಗಿ, ಒಳಗಿನ ಒಂದು ವೈರು ಕತ್ತರಿಸಿದೊಡನೆ 26ರಿಂದ 30 ಮೆಗಾಹರ್ಟ್ಸ್‌ವರೆಗೆ ಬಾಯ್ತೆರೆಯುವ ಸೆಟ್ಟುಗಳು ಬಂದವು. ಸುಲಭವಾಗಿ ಸಿಬಿಗೆ ಬದಲಾಯಿಸಬಹುದಾದ ಇಂತಹವು ಹ್ಯಾಮ್ ಉಪಕರಣದ ವಿನಾಯಿತಿಗೆ ಅರ್ಹವಲ್ಲ, ಸಿಬಿ ಸೆಟ್ಟಿನಂತೆಯೇ ಅನುಮೋದನೆ ಪಡೆಯಬೇಕು ಎಂದು ಎಫ್‌ಸಿಸಿ 1996ರಲ್ಲಿ ಪ್ರಕಟಣೆ ಹೊರಡಿಸಿತು. ಅದರಿಂದ ಮಾರಾಟ ನಿಲ್ಲಲಿಲ್ಲ. ಹೀಗಾಗಿ ಇಂದು ಕೈಗೆ ಬರುವ ‘ಹ್ಯಾಮ್‌ಗೆ ಮಾಡಿಫೈ ಮಾಡಿದ’ ಸೆಟ್ಟು ಯಾವ ದಿಕ್ಕಿನ ಪ್ರಯಾಣಿಕ ಎಂಬುದು ಹೊರಗಿನಿಂದ ತಿಳಿಯುವುದಿಲ್ಲ.

ಭಾರತದಲ್ಲಿ ಸಿಬಿ ಎಂಬ ಹುಚ್ಚು ಹರಡಲೇ ಇಲ್ಲ. 1933ರ ಭಾರತೀಯ ವೈರ್‌ಲೆಸ್ ಟೆಲಿಗ್ರಫಿ ಕಾಯ್ದೆಯಡಿ ಪರವಾನಗಿಯಿಲ್ಲದೆ ಪ್ರಸಾರ ಮಾಡುವುದಿರಲಿ, ಉಪಕರಣವನ್ನು ಇಟ್ಟುಕೊಳ್ಳುವುದೇ ಅಪರಾಧವಾಗಿತ್ತು. ಮಹಾಯುದ್ಧದ ನಂತರ ವಿಲೇವಾರಿಯಾದ ಮಿಲಿಟರಿ ಸೆಟ್ಟುಗಳು, 807 ವಾಲ್ವಿನ ಸುತ್ತ ಮನೆಯಲ್ಲೇ ಕಟ್ಟಿದ ಟ್ರಾನ್ಸ್‌ಮಿಟರುಗಳು ಇವೇ ಇಲ್ಲಿನ ಹ್ಯಾಮ್‌ಗಳ ಆಸ್ತಿ. ಹ್ಯಾಮ್‌ಗಳು ಆಮದು ಮಾಡಿಕೊಳ್ಳುವ ಉಪಕರಣಗಳ ಮೇಲಿನ ಸುಂಕವನ್ನು 1984ರಲ್ಲಿ ಮನ್ನಾ ಮಾಡಿದ ನಂತರ ಹೊರಗಿನ ಸೆಟ್ಟುಗಳು ಹೆಚ್ಚು ಕಾಣತೊಡಗಿದವು. ಬಿಇಎಲ್, ಇಸ್ರೊಗಳಂತಹ ಸಂಸ್ಥೆಗಳಿಂದಾಗಿ ಬೆಸುಗೆ ಕಡ್ಡಿ ಹಿಡಿಯಬಲ್ಲ ಕೈಗಳಿಗೆ ಬರವಿಲ್ಲದ ಬೆಂಗಳೂರಿನಲ್ಲಿ ಅವುಗಳನ್ನು ಬಿಚ್ಚಿ ನೋಡುವವರೂ ಹೆಚ್ಚಿದರು.

2005ರಲ್ಲಿ ಕೇಂದ್ರ ಸರ್ಕಾರ 26.957ರಿಂದ 27.283 ಮೆಗಾಹರ್ಟ್ಸ್‌ವರೆಗಿನ ಸಿಟಿಜನ್ ಬ್ಯಾಂಡಿನಲ್ಲಿ, 5 ವ್ಯಾಟ್ ಪರಿಣಾಮಕಾರಿ ವಿಕಿರಣ ಶಕ್ತಿಯ ಮಿತಿಯೊಳಗಿನ ಉಪಕರಣಗಳಿಗೆ ಪರವಾನಗಿಯಿಂದ ವಿನಾಯಿತಿ ನೀಡಿತು. ‘ಸಿಬಿ ಈಗ ಫ್ರೀ’ ಎಂಬ ಮಾತು ಹುಟ್ಟಿದ್ದು ಇಲ್ಲಿಂದ. ಆ ಅಂಕಿಗಳನ್ನು ಅಮೆರಿಕದ ಚಾನೆಲ್ ಪಟ್ಟಿಯ ಪಕ್ಕದಲ್ಲಿಟ್ಟು ನೋಡಿದವರು ಕಡಿಮೆ. 27ನೇ ಚಾನೆಲ್ 27.275ರಲ್ಲಿದೆ, 28ನೆಯದು 27.285ರಲ್ಲಿ, ಅಂದರೆ 40 ಚಾನೆಲ್ ಸೆಟ್ಟಿನ ಕೊನೆಯ 13 ಚಾನೆಲ್‌ಗಳು ಇಲ್ಲಿನ ವಿನಾಯಿತಿಯ ಗೆರೆಯಾಚೆ ಉಳಿಯುತ್ತವೆ. ವಿನಾಯಿತಿ ಸಿಕ್ಕ ಭಾಗವಾದರೂ ಕೈಗಾರಿಕೆ ಮತ್ತು ವೈದ್ಯಕೀಯ ಯಂತ್ರಗಳಿಗೆ ಬಿಟ್ಟುಕೊಟ್ಟ ಪಟ್ಟಿಯೇ; ಪ್ಲಾಸ್ಟಿಕ್ ಬೆಸೆಯುವ ಯಂತ್ರಗಳೂ ಫಿಸಿಯೊಥೆರಪಿಯ ಡಯಾಥರ್ಮಿ ಯಂತ್ರಗಳೂ 27.12ರಲ್ಲಿ ಗುಂಯ್‌ಗುಡುತ್ತಿರುತ್ತವೆ, ಅವುಗಳ ಅಡಚಣೆಯ ವಿರುದ್ಧ ಬಳಕೆದಾರರಿಗೆ ರಕ್ಷಣೆಯಿಲ್ಲ. ಮೇಲಾಗಿ, 28 ಮೆಗಾಹರ್ಟ್ಸ್‌ಗೆ ಸರಿಸಿದ ಸೆಟ್ಟು ಈ ವಿನಾಯಿತಿಯೊಳಗೆ ಬರುವುದೇ ಇಲ್ಲ. ಅದನ್ನು ಬಳಸಲು ಹ್ಯಾಮ್ ಪರವಾನಗಿ ಬೇಕು. ಇತ್ತ ಹ್ಯಾಮ್ ಪರವಾನಗಿಯಾದರೂ 27ರಲ್ಲಿ ಮಾತನಾಡಲು ಅನುಮತಿಯಲ್ಲ. ಸ್ವಿಚ್ಚು ಒತ್ತಿದರೆ ಎರಡೂ ಕಡೆ ಹೋಗುವ ಸೆಟ್ಟು ಎರಡು ನಿಯಮಗಳ ನಡುವೆ ನಿಲ್ಲುತ್ತದೆ, ಹೊಣೆ ಮಾತ್ರ ಕೊನೆಗೆ ಕೊಂಡವರ ಮೇಲೆಯೇ ಬೀಳುತ್ತದೆ. ಮಾರುವವರು ಆವರ್ತನವನ್ನು ಬರೆದು ಹೇಳಬೇಕೆಂಬ ಒತ್ತಾಯ ಬಹುಕಾಲ ಇರಲಿಲ್ಲ. ವಾಕಿಟಾಕಿಗಳ ವಿಷಯದಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಇ-ವಾಣಿಜ್ಯ ತಾಣಗಳಿಗೆ ನೋಟಿಸು ನೀಡಿದ್ದು 2025ರಲ್ಲಿ. ಕೈಯಿಂದ ಕೈಗೆ ಸಾಗುವ ಹಳೆಯ ಸೆಟ್ಟುಗಳು ಆ ಬಲೆಗೆ ಬೀಳುವುದು ಕಷ್ಟ.

ಸೂರ್ಯನ ಹನ್ನೊಂದು ವರ್ಷಗಳ ಆವರ್ತ 2024ರಲ್ಲಿ ಮತ್ತೆ ಉತ್ತುಂಗ ಮುಟ್ಟಿದ್ದರಿಂದ 10 ಮೀಟರ್ ಪುನಃ ಜೀವಂತವಾಗಿದೆ, ಹಳೆಯ ಸೆಟ್ಟುಗಳನ್ನು ವಿಚಾರಿಸುವವರಿಗೂ ಅದೇ ಕಾರಣ. ಪರವಾನಗಿ ಇರುವವರು ಕೊಳ್ಳುವುದಾದರೆ 13.8 ವೋಲ್ಟಿನ ಪವರ್ ಸಪ್ಲೈ, ಆಂಟೆನಾದ ಬದಲು ಜೋಡಿಸಿ ಪರೀಕ್ಷಿಸಲು 50 ಓಮ್‌ನ ಡಮ್ಮಿ ಲೋಡ್, ವ್ಯಾಟ್ ಮೀಟರ್ ಜತೆಗಿರಲಿ. ಲ್ಯಾಪ್‌ಟಾಪಿಗೆ ಸಿಕ್ಕಿಸುವ ಅಗ್ಗದ ಎಸ್‌ಡಿಆರ್ (ತಂತ್ರಾಂಶದಿಂದ ನಡೆಯುವ ರೇಡಿಯೊ ಗ್ರಾಹಕ) ಡಾಂಗಲ್ ಇದ್ದರೆ, ಸೆಟ್ಟು ನಿಜವಾಗಿ ಎಲ್ಲಿ ಪ್ರಸಾರ ಮಾಡುತ್ತಿದೆ, ಎಷ್ಟು ಅಗಲಕ್ಕೆ ಚೆಲ್ಲುತ್ತಿದೆ ಎಂಬುದು ಪರದೆಯ ಮೇಲೆಯೇ ಕಾಣುತ್ತದೆ. ಬಹಳಷ್ಟು ಎಸ್‌ಎಸ್‌ಬಿ ಸೆಟ್ಟುಗಳಲ್ಲಿದ್ದ 2ಎಸ್‌ಸಿ1969 ಎಂಬ ಕೊನೆಯ ಹಂತದ ಟ್ರಾನ್ಸಿಸ್ಟರಿನ ತಯಾರಿಕೆ ನಿಂತುಹೋಗಿದೆ, ಆ ಹೆಸರಿನ ನಕಲಿಗಳು ಮಾರುಕಟ್ಟೆಯಲ್ಲಿವೆ. ಹಾಗಾಗಿ ‘ಪವರ್ ಕಡಿಮೆ ಇದೆ, ಒಂದು ಪಾರ್ಟು ಹಾಕಿದರೆ ಸರಿಯಾಗುತ್ತದೆ’ ಎಂಬ ಭರವಸೆಗೆ ಬೆಲೆ ಕಟ್ಟುವಾಗ ಎಚ್ಚರವಿರಲಿ. ಜತೆಗೆ ಕೊಡುವ ಆಂಟೆನಾ 27ಕ್ಕೆ ಕತ್ತರಿಸಿದ್ದೇ ಆಗಿರುತ್ತದೆ. ಅರ್ಧ ತರಂಗದ ಡೈಪೋಲ್ 27.2ಕ್ಕೆ ಸುಮಾರು 5.25 ಮೀಟರ್ ಇದ್ದರೆ 28.5ಕ್ಕೆ 5 ಮೀಟರ್ ಸಾಕು. ಆ ಗೇಣುದ್ದ ಕತ್ತರಿಸದೆ ಪ್ರಸಾರ ಮಾಡಿದರೆ ಎಸ್‌ಡಬ್ಲ್ಯುಆರ್ (ಆಂಟೆನಾದಿಂದ ಶಕ್ತಿ ಸೆಟ್ಟಿಗೆ ಮರಳುವುದರ ಅಳತೆ) ಏರುತ್ತದೆ.

ಮುಚ್ಚಳವನ್ನಂತೂ ಬಿಚ್ಚಿಸಿಯೇ ನೋಡಬೇಕು. ಮಾಡಿದ ಕೆಲಸದ ಬಗ್ಗೆ ಗೌರವವಿದ್ದವರು ಹಾಕಿದ ಕ್ರಿಸ್ಟಲ್ಲಿನ ಮೌಲ್ಯ, ಮುಟ್ಟಿದ ಕಾಯಿಲುಗಳ ಸಂಖ್ಯೆ, ತಾರೀಖು ಇವನ್ನು ಮುಚ್ಚಳದ ಒಳಮೈಯಲ್ಲಿ ಸಣ್ಣಗೆ ಬರೆದಿಡುವುದುಂಟು. ಹಾಗೆ ಬರೆದಿರುವ ಸೆಟ್ಟು ಸಿಕ್ಕರೆ ಐನೂರು ರೂಪಾಯಿ ಹೆಚ್ಚು ಕೊಟ್ಟರೂ ನಷ್ಟವಿಲ್ಲ.