ಅಜ್ಜಿಯ ಮೈಸೂರು ರೇಷ್ಮೆಗೆ ಕತ್ತರಿ ಹಾಕಬಹುದೇ?

ಪ್ರಶ್ನೆ: ಮಗಳಿಗೆ ಹನ್ನೊಂದು ವರ್ಷ, ಭರತನಾಟ್ಯ ಕಲಿಯುತ್ತಿದ್ದಾಳೆ. ನನ್ನ ತಾಯಿಯ ಮೈಸೂರು ರೇಷ್ಮೆ ಸೀರೆ ಬೀರುವಿನಲ್ಲಿ ಸುಮ್ಮನೆ ಬಿದ್ದಿದೆ. ಅದರಲ್ಲೇ ಅವಳಿಗೆ ನೃತ್ಯದ ಉಡುಪು ಹೊಲಿಸಬಹುದೇ?

ಮೈಸೂರಿನಲ್ಲಿ ನೃತ್ಯದ ಉಡುಪು ಹೊಲಿಯುವ ನನಗೆ ದಸರಾ ಹತ್ತಿರ ಬಂದಂತೆ ತಾಯಂದಿರು ಕೇಳುವ ಪ್ರಶ್ನೆ ಇದು. ಹೊಲಿಸಬಹುದು. ಆದರೆ ಇಡೀ ಉಡುಪನ್ನು ಅದರಲ್ಲೇ ಹೊಲಿಸಬೇಡಿ. ಅದರಲ್ಲೂ ಬೀಸಣಿಗೆಗೆ ಖಂಡಿತ ಬೇಡ.

ಮುಂದೆ, ಎರಡು ಕಾಲುಗಳ ನಡುವೆ ಇಳಿಬಿದ್ದಿರುವ ನೆರಿಗೆಯ ಭಾಗವೇ ಬೀಸಣಿಗೆ; ನಾವು ಹೊಲಿಗೆಯವರು ಫ್ಯಾನ್ ಎನ್ನುತ್ತೇವೆ. ಮಗು ಅರಮಂಡಿಗೆ, ಅಂದರೆ ಮಂಡಿಗಳನ್ನು ಹೊರಕ್ಕೆ ಬಾಗಿಸಿ ಅರ್ಧ ಕೂರುವ ಭಂಗಿಗೆ, ಇಳಿದಾಗ ಅದು ಪೂರ್ತಿ ಬಿಚ್ಚಿಕೊಳ್ಳಬೇಕು, ಎದ್ದು ನಿಂತ ಕೂಡಲೇ ಒಂದರ ಮೇಲೊಂದು ನೆರಿಗೆ ಕೂತು ಮುಚ್ಚಿಕೊಳ್ಳಬೇಕು. ಅದಕ್ಕೆ ಬಟ್ಟೆಯಲ್ಲಿ ಬಿಗಿ ಬೇಕು, ಅಗಲವಾದ ಅಂಚು ಬೇಕು. ಕಂಚಿ, ಧರ್ಮಾವರಂ ರೇಷ್ಮೆಗಳಲ್ಲಿ ಅವೆರಡೂ ಇವೆ.

ಮೈಸೂರು ರೇಷ್ಮೆಯ ಗುಣವೇ ಬೇರೆ. 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಇಲ್ಲಿ ಆರಂಭವಾದ ಕಾರ್ಖಾನೆಯ ಹೆಸರುವಾಸಿ ಸೀರೆ ಕ್ರೇಪ್ ನೇಯ್ಗೆಯದು. ನೂಲಿಗೆ ಬಲವಾಗಿ ಹುರಿ ಹಾಕಿ ನೇಯುತ್ತಾರೆ. ನೇಯ್ದ ಮೇಲೆ ಅಂಟು ತೆಗೆಯಲು ಬಟ್ಟೆಯನ್ನು ಬೇಯಿಸಿದಾಗ ಹುರಿ ಸಡಿಲಗೊಳ್ಳಲು ಹೊರಟು ಬಟ್ಟೆ ಮುದುಡುತ್ತದೆ. ಕೈಗೆ ಸಿಗುವ ಆ ಮೃದುವಾದ ತರಿ ಹುಟ್ಟುವುದು ಹಾಗೆ. ಅದಕ್ಕೇ ಆ ಸೀರೆ ಮೈಮೇಲೆ ನೀರಿನಂತೆ ಇಳಿಯುತ್ತದೆ. ಇಸ್ತ್ರಿ ಮಾಡಿ ಕೂರಿಸಿದ ನೆರಿಗೆ ಮಾತ್ರ ಅದರಲ್ಲಿ ಬಹಳ ಹೊತ್ತು ನಿಲ್ಲುವುದಿಲ್ಲ. ಒಳಗೆ ಪೇಸ್ಟಿಂಗ್, ಅಂದರೆ ಇಸ್ತ್ರಿಯಿಂದ ಅಂಟಿಸುವ ಬಿರುಸಾದ ಒಳಬಟ್ಟೆ, ಕೊಟ್ಟು ನಿಲ್ಲಿಸಬಹುದು, ನಾನೂ ಮಾಡಿ ನೋಡಿದ್ದೇನೆ. ಬೀಸಣಿಗೆ ನಿಂತಿತು, ರೇಷ್ಮೆಯ ಸೊಗಸು ಹೋಯಿತು. ಅಂದಿನಿಂದ ಆ ಕೆಲಸಕ್ಕೆ ಕೈ ಹಾಕಿಲ್ಲ.

ಇನ್ನು ನಿಮ್ಮ ಸೀರೆಯ ವಿಷಯ. ಅದನ್ನು ಬಿಡಿಸಿ ಬೆಳಗಿನ ಬೆಳಕಿರುವ ಕಿಟಕಿಗೆ ಅಡ್ಡವಾಗಿ ಹಿಡಿಯಿರಿ. ಹೋದ ವರ್ಷ ಒಬ್ಬರು ತಂದ ಕಡುನೇರಳೆ ಸೀರೆ ಮೇಜಿನ ಮೇಲೆ ಹೊಸದರಂತೆ ಕಂಡಿತ್ತು. ಕಿಟಕಿಗೆ ಹಿಡಿದರೆ, ವರ್ಷಗಟ್ಟಲೆ ಒಂದೇ ಕಡೆ ಮಡಚಿದ್ದ ಗೆರೆಯುದ್ದಕ್ಕೂ ಸಾಸಿವೆ ಕಾಳಿನಷ್ಟು ಬೆಳಕಿನ ಚುಕ್ಕಿಗಳು. ಎರಡು ಹೆಬ್ಬೆರಳಲ್ಲಿ ಮೆಲ್ಲಗೆ ಎಳೆದೆ, ಸದ್ದೇ ಇಲ್ಲದೆ ಬಿಟ್ಟುಕೊಂಡಿತು. ಅಂಥ ಬಟ್ಟೆ ಕಚ್ಚೆಗಾಗಲಿ ರವಿಕೆಗಾಗಲಿ ಬಾರದು. ತೊಡೆಸಂಧಿಯಲ್ಲಿ ಎಳೆತ, ಕಂಕುಳಲ್ಲಿ ಬೆವರು; ಮೊದಲ ಕಾರ್ಯಕ್ರಮದಲ್ಲೇ ಹರಿಯುತ್ತದೆ.

ಆದರೆ ಅದೇ ಸೀರೆಯ ಮಡಿಕೆ ಗೆರೆಗಳ ನಡುವೆ ಗಟ್ಟಿಯಾದ ಭಾಗವಿತ್ತು. ಅದನ್ನು ಬಿಡಿಸಿಕೊಂಡು ದಾವಣಿ ಮಾಡಿದೆ, ಹಿಂದೆ ತೆಳುವಾದ ಹತ್ತಿಯ ಲೈನಿಂಗ್ ಕೊಟ್ಟು. ಎದೆಯಿಂದ ಹೆಗಲಿಗೆ ಏರುವ ಆ ಪಟ್ಟಿಗೆ ಎಳೆತ ಕಡಿಮೆ, ಇಳಿಬೀಳುವ ಗುಣವೇ ಅಲ್ಲಿಗೆ ಬೇಕಾದದ್ದು. ಕಚ್ಚೆ, ಬೀಸಣಿಗೆ, ರವಿಕೆಗೆ ಸಾಸಿವೆ ಬಣ್ಣದ ಧರ್ಮಾವರಂ ತಂದೆವು. ನಿಮ್ಮ ಸೀರೆಯೂ ಹೀಗೆ ಜೀರ್ಣವಾಗಿದ್ದರೆ ನನ್ನ ಸಲಹೆ ಇದೇ.

ಅಳತೆ ಕೊಡುವಾಗ ಮಗಳನ್ನು ಬರೀ ನಿಲ್ಲಿಸಿ ಅಳೆಯಲು ಬಿಡಬೇಡಿ. ಅರಮಂಡಿಯಲ್ಲಿ ಕೂರಿಸಿ, ಮಂಡಿಯಿಂದ ಮಂಡಿಗೆ ಮತ್ತು ಸೊಂಟದ ಮುಂದಿನಿಂದ ಕಾಲುಗಳ ನಡುವೆ ಹಾದು ಹಿಂದಿನ ಸೊಂಟದವರೆಗೆ ಅಳತೆ ತೆಗೆಸಿ. ಬೆಳೆಯುವ ವಯಸ್ಸು, ಪಕ್ಕದ ಹೊಲಿಗೆಗಳಲ್ಲಿ ಎರಡೆರಡು ಅಂಗುಲ ಒಳಗೆ ಬಿಡಿಸಿ. ಸೊಂಟಕ್ಕೆ ಲಾಡಿ ಇರಲಿ.

ಸೀರೆ ಗಟ್ಟಿಯಾಗಿಯೇ ಇದ್ದರೆ? ಆಗ ದಯವಿಟ್ಟು ಕತ್ತರಿ ಮುಟ್ಟಿಸಬೇಡಿ. ಈಗ ನಾವು ಕಾಣುವ ಹೊಲಿದ ಉಡುಪು 1930ರ ದಶಕದಲ್ಲಿ ನರ್ತಕಿ ರುಕ್ಮಿಣೀದೇವಿ ಅರುಂಡೇಲ್ ಅವರು ರಂಗಕ್ಕೆ ಬಂದ ಕಾಲದಿಂದ ರೂಢಿಯಾದದ್ದು. ಅದಕ್ಕೂ ಮೊದಲು ನರ್ತಕಿಯರು ಸೀರೆಯನ್ನೇ ಉಟ್ಟು ನರ್ತಿಸುತ್ತಿದ್ದರು. ಅರಮನೆಯ ನರ್ತಕಿ ಜಟ್ಟಿ ತಾಯಮ್ಮ, ಅವರ ಶಿಷ್ಯೆ ವೆಂಕಟಲಕ್ಷಮ್ಮ ಅವರಿಂದ ನಮ್ಮ ಮೈಸೂರು ಹೆಸರಾದದ್ದು ಅಭಿನಯಕ್ಕೆ. ಮಗಳು ಮುಂದೆ ಅಭಿನಯವೇ ಮುಖ್ಯವಾದ ಪದ, ಜಾವಳಿ ಎಂಬ ಹಾಡುಗಳನ್ನು ಕಲಿಯುವ ವಯಸ್ಸಿಗೆ ಬಂದಾಗ ಒಳಗೆ ಪೈಜಾಮ ತೊಟ್ಟು ಅಜ್ಜಿಯ ಸೀರೆಯನ್ನೇ ಉಡಬಹುದು. ಅಭಿನಯಕ್ಕೆ ಅಷ್ಟು ಒಪ್ಪುವ ಬಟ್ಟೆ ಇನ್ನೊಂದನ್ನು ನಾನು ಕಂಡಿಲ್ಲ.

ಅಲ್ಲಿಯವರೆಗೆ ಪ್ಲಾಸ್ಟಿಕ್ ಚೀಲದಿಂದ ಹೊರತೆಗೆದು ಹಳೆಯ ಪಂಚೆಯಲ್ಲಿ ಸುತ್ತಿಡಿ. ಮೂರು ತಿಂಗಳಿಗೊಮ್ಮೆ ಬಿಡಿಸಿ, ಹಿಂದಿನ ಗೆರೆಯ ಮೇಲೆ ಬೀಳದಂತೆ ಹೊಸದಾಗಿ ಮಡಚಿ.