ಹಯಾಲಿಯಾದ ಸ್ಪ್ಯಾನಿಷ್‌ಗೆ ವಯಸ್ಸೆಷ್ಟು?

ಒಂದು ನಗರದ ಭಾಷಿಕರ ವಯಸ್ಸಿನ ಕೋಷ್ಟಕವನ್ನು ಕೈಗೆತ್ತಿಕೊಂಡವರು ಮೊದಲು ನೋಡುವುದು ಮಕ್ಕಳ ಸಾಲನ್ನು. ಅದು ಸಣ್ಣದಾಗಿದ್ದರೆ ಭಾಷೆ ಮುಪ್ಪಾಯಿತೆಂದು, ದೊಡ್ಡದಾಗಿದ್ದರೆ ಬೆಳೆಯುತ್ತಿದೆಯೆಂದು ತೀರ್ಮಾನಿಸಿಬಿಡುತ್ತಾರೆ. ಜನಸಂಖ್ಯೆಯ ಲೆಕ್ಕವನ್ನೇ ವೃತ್ತಿಯಾಗಿಸಿಕೊಂಡ ನನ್ನಂಥವರಿಗೆ ಈ ಅವಸರವನ್ನು ತಡೆಯುವುದೇ ಅರ್ಧ ಕೆಲಸ.

ಫ್ಲಾರಿಡಾದ ಮಯಾಮಿ-ಡೇಡ್ ಕೌಂಟಿಯಲ್ಲಿರುವ ಹಯಾಲಿಯಾ ಇದಕ್ಕೆ ಒಳ್ಳೆಯ ಉದಾಹರಣೆ. 2020ರ ಜನಗಣತಿಯಲ್ಲಿ 2,23,109 ಜನರಿದ್ದ ಈ ನಗರದಲ್ಲಿ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಮಂದಿ ಮನೆಯಲ್ಲಿ ಸ್ಪ್ಯಾನಿಷ್ ಮಾತನಾಡುತ್ತಾರೆ. ಅಮೆರಿಕದ ಹಿಸ್ಪ್ಯಾನಿಕ್ ಸಮುದಾಯ, ಅಂದರೆ ಸ್ಪ್ಯಾನಿಷ್ ಮಾತಿನ ದೇಶಗಳ ಮೂಲದವರು, ಒಟ್ಟಾರೆಯಾಗಿ ಎಳೆಯದು; ಅದರ ಮಧ್ಯಮ ವಯಸ್ಸು (ಅರ್ಧ ಜನ ಅದಕ್ಕಿಂತ ಕಿರಿಯರು, ಅರ್ಧ ಜನ ಹಿರಿಯರು) 30ರ ಆಸುಪಾಸಿನಲ್ಲಿದೆ. ಹಯಾಲಿಯಾದ್ದಾದರೋ 2020ರ ಗಣತಿಯಲ್ಲಿ ಇಡೀ ದೇಶಕ್ಕಿದ್ದ 38.8 ವರ್ಷವನ್ನೂ ಮೀರುತ್ತದೆ. ಹಾಗಿದ್ದೂ ಅಲ್ಲಿ ಸ್ಪ್ಯಾನಿಷ್ ಸೊರಗಿಲ್ಲ, ಏಕೆಂದರೆ ಆ ಊರಿನ ಭಾಷೆ ತೊಟ್ಟಿಲಿಗಿಂತ ಹೆಚ್ಚಾಗಿ ವಿಮಾನ ಮತ್ತು ದೋಣಿಗಳಿಂದ ಬಂದದ್ದು.

ಕ್ಯೂಬಾದ ಕ್ರಾಂತಿಯ ನಂತರ, 1960ರಿಂದ 1962ರವರೆಗೆ, ತಂದೆತಾಯಿಯರ ಜೊತೆಯಿಲ್ಲದೆ 14,000ಕ್ಕೂ ಹೆಚ್ಚು ಮಕ್ಕಳು ಮಯಾಮಿಗೆ ಬಂದರು. ಪೆಡ್ರೊ ಪ್ಯಾನ್ ಎಂಬ ಹೆಸರಿನ ಈ ವಲಸೆ, ಕ್ಯೂಬಾದಲ್ಲಿದ್ದ ಸೋವಿಯತ್ ಕ್ಷಿಪಣಿಗಳ ಕುರಿತ 1962ರ ಬಿಕ್ಕಟ್ಟಿನೊಂದಿಗೆ ನಿಂತಿತು. 1965ರಿಂದ 1973ರವರೆಗೆ ನಡೆದ ವಿಮಾನಯಾನಗಳಲ್ಲಿ ಬಂದವರು ಇನ್ನೂ ಎಷ್ಟೋ ಪಟ್ಟು ಹೆಚ್ಚು. ಆದರೆ ಸೇನಾ ಸೇವೆಯ ವಯಸ್ಸಿನ ಯುವಕರು ಹೊರಡದಂತೆ ಕ್ಯೂಬಾ ಸರ್ಕಾರ ತಡೆದಿದ್ದರಿಂದ ಆ ಅಲೆಯಲ್ಲಿ ಹೆಂಗಸರು ಮತ್ತು ವಯಸ್ಸಾದವರೇ ಹೆಚ್ಚಿದ್ದರು. 1980ರಲ್ಲಿ ಮಾರಿಯೆಲ್ ಬಂದರಿನಿಂದ ಸುಮಾರು 1,25,000 ಮಂದಿ, 1994ರಲ್ಲಿ ತೆಪ್ಪಗಳ ಮೇಲೆ ಹತ್ತಾರು ಸಾವಿರ, 2021ರ ನಂತರ ಮತ್ತೆ ಲಕ್ಷಗಟ್ಟಲೆ ಜನ ಕ್ಯೂಬಾದಿಂದ ಅಮೆರಿಕಕ್ಕೆ ಬಂದರು. ಪ್ರತಿಯೊಂದು ಅಲೆಯಲ್ಲೂ ವಯಸ್ಕರದೇ ಮೇಲುಗೈಯಾಗದಿದ್ದರೂ ಪ್ರತಿಯೊಂದಕ್ಕೂ ತನ್ನದೇ ವಯಸ್ಸಿತ್ತು. ಇದಲ್ಲದೆ, ಕ್ಯೂಬಾದ ಜನನ ಪ್ರಮಾಣವೇ 1970ರ ದಶಕದ ಕೊನೆಯಿಂದ ತಲೆಮಾರನ್ನು ಭರ್ತಿ ಮಾಡುವ ಮಟ್ಟಕ್ಕಿಂತ ಕೆಳಗಿದೆ. ಹೀಗಿರುವಾಗ ಹಯಾಲಿಯಾದ ವಯೋಗೋಪುರದ (ಮಕ್ಕಳನ್ನು ಕೆಳಗೆ, ಮುದುಕರನ್ನು ಮೇಲೆ ಜೋಡಿಸಿ ಬರೆದ ಜನಸಂಖ್ಯೆಯ ಚಿತ್ರದ) ಬುಡ ಕಿರಿದಾಗಿರುವುದರಲ್ಲಿ ಅಚ್ಚರಿಯಿಲ್ಲ.

65 ದಾಟಿದವರ ಸಾಲನ್ನು ನಾನು ಎಂದೂ ಒಂದೇ ಗುಂಪೆಂದು ಓದುವುದಿಲ್ಲ. ಹತ್ತನೇ ವಯಸ್ಸಿನಲ್ಲಿ ಪೆಡ್ರೊ ಪ್ಯಾನ್ ಮಗುವಾಗಿ ಬಂದವರು, ಮೂವತ್ತರಲ್ಲಿ ಮಾರಿಯೆಲ್‌ನಿಂದ ಹೊರಟವರು, ಪೌರತ್ವ ಪಡೆದ ಮಕ್ಕಳು ಕರೆಸಿಕೊಂಡದ್ದರಿಂದ ಮೊನ್ನೆಮೊನ್ನೆ ಬಂದಿಳಿದ ಅಜ್ಜಿ, ಈ ಮೂವರೂ ಇಂದು ಅದೇ ಸಾಲಿನಲ್ಲಿದ್ದಾರೆ. ಮೊದಲನೆಯವರು ಅಮೆರಿಕದ ಶಾಲೆಯಲ್ಲಿ ಕಲಿತು ಇಂಗ್ಲಿಷನ್ನು ಸಲೀಸಾಗಿ ಬಳಸುತ್ತಾರೆ. ಮೂರನೆಯವರಿಗೆ ಔಷಧಿಯ ಚೀಟಿಯೂ ಸ್ಪ್ಯಾನಿಷ್‌ನಲ್ಲೇ ಬೇಕು. ಆದ್ದರಿಂದ ಆಸ್ಪತ್ರೆಗೆ ಎಷ್ಟು ದುಭಾಷಿಗಳು ಬೇಕೆಂದು ಕೇಳುವವರಿಗೆ ನಾನು ವಯಸ್ಸಿನ ಜೊತೆಗೆ ಇಂಗ್ಲಿಷ್ ಸಾಮರ್ಥ್ಯದ ಕೋಷ್ಟಕವನ್ನೂ, ದೊರೆತರೆ ವಲಸೆ ಬಂದ ವರ್ಷವನ್ನೂ ಮುಂದಿಡುತ್ತೇನೆ.

ಈ ಅಂಕಿಗಳು ಬರುವ ಮೂಲದಲ್ಲೇ ಕೆಲವು ಮಿತಿಗಳಿವೆ. ಅಮೆರಿಕದ ದಶವಾರ್ಷಿಕ ಗಣತಿ ಈಗ ಭಾಷೆಯನ್ನು ಕೇಳುವುದೇ ಇಲ್ಲ. 2000ದ ನಂತರ ಆ ಕೆಲಸವನ್ನು ಅಮೆರಿಕನ್ ಕಮ್ಯುನಿಟಿ ಸರ್ವೇ ಎಂಬ ಮಾದರಿ ಸಮೀಕ್ಷೆಗೆ ಒಪ್ಪಿಸಲಾಯಿತು. ಅದು ಕೇಳುವುದು, 5 ವರ್ಷ ತುಂಬಿದವರು ಮನೆಯಲ್ಲಿ ಇಂಗ್ಲಿಷ್ ಅಲ್ಲದ ಭಾಷೆ ಮಾತನಾಡುತ್ತಾರೆಯೇ ಎಂದು. ನಮ್ಮ ಜನಗಣತಿ ಹಸುಗೂಸಿಗೂ ತಾಯಿಯ ಭಾಷೆಯನ್ನೇ ಮಾತೃಭಾಷೆಯೆಂದು ಬರೆದುಕೊಳ್ಳುತ್ತದೆ. ಅಮೆರಿಕದ ಸಮೀಕ್ಷೆಯಲ್ಲಿ 5 ತುಂಬದ ಮಗು ಲೆಕ್ಕಕ್ಕಿಲ್ಲ. (ಅದೇ ಸಮೀಕ್ಷೆಯ ಪ್ರಕಟಿತ ಕೋಷ್ಟಕದಲ್ಲಿ ಕನ್ನಡ ಒಂಟಿಯಾಗಿಲ್ಲ, ಮಲಯಾಳಂ ಮತ್ತು ಇತರ ದ್ರಾವಿಡ ಭಾಷೆಗಳೊಂದಿಗೆ ಒಂದೇ ಸಾಲಿನಲ್ಲಿ ಕೂತಿದೆ, ಹೀಗಾಗಿ ಅಲ್ಲಿನ ಕನ್ನಡಿಗರ ವಯಸ್ಸನ್ನು ಆ ಸಾಲಿನಿಂದ ತಿಳಿಯಲಾಗದು.) ಸಮೀಕ್ಷೆಯ ಆ ಪ್ರಶ್ನೆಯಲ್ಲಿ ಎಲ್ಲಕ್ಕಿಂತ ಮುಖ್ಯವಾದ ಪದ ‘ಮನೆ’. ಅಜ್ಜಿಯೊಂದಿಗೆ ಬೆಳೆದ ಹುಡುಗಿ 19ನೇ ವಯಸ್ಸಿಗೆ ಗೆಳತಿಯರೊಂದಿಗೆ ಬೇರೆ ಮನೆ ಮಾಡಿ ಇಂಗ್ಲಿಷ್‌ನಲ್ಲೇ ದಿನ ಕಳೆದರೆ ಕೋಷ್ಟಕದಿಂದ ಮರೆಯಾಗುತ್ತಾಳೆ. ಆಕೆ ಸ್ಪ್ಯಾನಿಷನ್ನು ಮರೆತಿರುವುದಿಲ್ಲ.

ಸಾಮಾನ್ಯವಾಗಿ ಬಳಸುವ ಕೋಷ್ಟಕದಲ್ಲಿ ವಯಸ್ಸಿಗೆ ಮೂರೇ ಪಟ್ಟಿಗಳು: 5ರಿಂದ 17, 18ರಿಂದ 64, 65 ಮತ್ತು ಮೇಲ್ಪಟ್ಟು. ಮೊದಲನೆಯದರ ಅಗಲ 13 ವರ್ಷ, ಎರಡನೆಯದರದು 47. 5ರಿಂದ 84ರವರೆಗಿನ ಪ್ರತಿ ವಯಸ್ಸಿನಲ್ಲೂ ಸಮಸಂಖ್ಯೆಯ ಜನರಿರುವ ಕಾಲ್ಪನಿಕ ಊರಿನಲ್ಲೂ ಮಕ್ಕಳ ಪಾಲು ನೂರಕ್ಕೆ 16ರಷ್ಟೇ ಬರುತ್ತದೆ. ‘ಸ್ಪ್ಯಾನಿಷ್ ಭಾಷಿಕರಲ್ಲಿ ಮಕ್ಕಳೆಷ್ಟು’ ಎಂಬುದರ ಬದಲು ‘ಮಕ್ಕಳಲ್ಲಿ ಸ್ಪ್ಯಾನಿಷ್ ಭಾಷಿಕರೆಷ್ಟು’ ಎಂದು ತಿರುಗಿಸಿ ಕೇಳಿದರೆ ಈ ಭ್ರಮೆ ಕಳಚುತ್ತದೆ. ಟೆಕ್ಸಸ್‌ನ ಸ್ಯಾನ್ ಆಂಟೋನಿಯೋದಲ್ಲಿ ಈ ತಿರುವು ಬೇರೆಯದೇ ಕತೆ ಹೇಳುತ್ತದೆ. ಅಲ್ಲಿ ಸುಮಾರು ಮೂರನೇ ಎರಡರಷ್ಟು ಜನ ಹಿಸ್ಪ್ಯಾನಿಕ್ ಮೂಲದವರಾದರೂ ಮನೆಯಲ್ಲಿ ಸ್ಪ್ಯಾನಿಷ್ ಮಾತನಾಡುವವರ ಪಾಲು ಅದಕ್ಕಿಂತ ಬಹಳ ಕಡಿಮೆ. ಶಾಲೆಯಲ್ಲಿ ಸ್ಪ್ಯಾನಿಷ್ ಆಡಿದ್ದಕ್ಕೆ ಶಿಕ್ಷೆ ಅನುಭವಿಸಿದ ಅಜ್ಜ-ಅಜ್ಜಿಯರ ಮೊಮ್ಮಕ್ಕಳು ಅಲ್ಲಿ ಸಾಕಷ್ಟಿದ್ದಾರೆ, ಆದರೆ ಅವರ ಮನೆಮಾತು ಬದಲಾಗಿದೆ.

ವಯಸ್ಸಿನ ಲೆಕ್ಕ ಕಾನೂನನ್ನೂ ಮುಟ್ಟುತ್ತದೆ. 50 ದಾಟಿ, 20 ವರ್ಷ ಕಾಯಂ ನಿವಾಸಿಯಾಗಿದ್ದವರು, ಅಥವಾ 55 ದಾಟಿ 15 ವರ್ಷ ಹಾಗಿದ್ದವರು ಪೌರತ್ವದ ಪರೀಕ್ಷೆಯನ್ನು ತಮ್ಮ ಭಾಷೆಯಲ್ಲೇ ಎದುರಿಸಬಹುದು. ಹೀಗೆ ಪೌರರಾದವರು ಇಂಗ್ಲಿಷ್ ಬಾರದ ಮತದಾರರೂ ಆಗುತ್ತಾರೆ. ಮತದಾನ ಹಕ್ಕು ಕಾಯ್ದೆಗೆ 1975ರಲ್ಲಿ ಸೇರಿದ 203ನೇ ಕಲಮು ಸ್ಪ್ಯಾನಿಷ್ ಮತಪತ್ರ ಎಲ್ಲೆಲ್ಲಿ ಬೇಕೆಂದು ನಿರ್ಧರಿಸುವಾಗ ಎಣಿಸುವುದು ಇಂಥ ಪೌರರನ್ನೇ, ಅದೂ ಮತದಾನದ ವಯಸ್ಸಿನವರನ್ನು ಮಾತ್ರ. ಹಯಾಲಿಯಾದ ಗೋಪುರದ ಮೇಲ್ತುದಿಯಲ್ಲಿರುವ ಅಜ್ಜಿಯರು ಮತಗಟ್ಟೆಯ ಲೆಕ್ಕದಲ್ಲಿ ಭಾರವಾಗುವುದು ಹೀಗೆ; ಅದೇ ಮನೆಯ ಏಳು ವರ್ಷದ ಮೊಮ್ಮಗ ಆ ಎಣಿಕೆಯೊಳಗೆ ಬರಲು ಇನ್ನೂ ಹನ್ನೊಂದು ವರ್ಷ ಕಾಯಬೇಕು, ಅಷ್ಟರೊಳಗೆ ಅವನು ಇಂಗ್ಲಿಷ್ ಬಲ್ಲವನಾಗಿ ಅದರಿಂದ ಹೊರಗುಳಿಯುವ ಸಾಧ್ಯತೆಯೇ ಹೆಚ್ಚು.